ಕುಡಿತ ಯಾರ ಹುಟ್ಟುಗುಣ?

‘ಕುಡಿಯೋದು ಇವರ ಜಾತಿಗುಣ’ ಎಂಬ ಜಗಲಿಯ ಮಾತನ್ನು ತಲೆತಗ್ಗಿಸಿ ಕೇಳಿದವರು ನಾವು. ಕೇರಿಯ ಬಾಯಿಗೆ ಸಾರಾಯಿ ಅಂಗಡಿ ತಂದಿಟ್ಟವರು ಯಾರು? ಬ್ರಿಟಿಷರ ಕಾಲದಿಂದ ಬಂದ ಅಬಕಾರಿ ಹರಾಜು. ಕಂಟ್ರಾಕ್ಟರನಿಗೆ ಲಾಭ, ಸರ್ಕಾರಕ್ಕೆ ಬೊಕ್ಕಸ; ನಮ್ಮ ಕೂಲಿ ಸಂಜೆಗೇ ಖಾಲಿ.

ಮೊದಮೊದಲು ಕುಡಿದಾಗ ಮಿದುಳಲ್ಲಿ ಡೋಪಮೈನ್ ಉಕ್ಕಿ ಸುಖ ಕಲಿಸುತ್ತೆ. ವರ್ಷಗಟ್ಟಲೆ ಕುಡಿದರೆ ಹಿಡಿತ ಮಿದುಳಿನಾಳದ ಸ್ಟ್ರಯೇಟಮ್ಮಿನ ಅಭ್ಯಾಸದ ಭಾಗಕ್ಕೆ ಜಾರುತ್ತದೆ. ‘ಬೇಡ’ ಅನ್ನಬೇಕಾದ ಮುಂಭಾಗ ಸೋಲುತ್ತದೆ. ಆಮೇಲೆ ಸುಖವಿರಲಿ ಬಿಡಲಿ, ಕೂಲಿ ಕೈಗೆ ಬಿದ್ದೊಡನೆ ಕಾಲು ತಾನೇ ಅಂಗಡಿ ಕಡೆ ನಡೆಯುತ್ತೆ. ಗೌಡರ ಮಿದುಳೂ ಹೀಗೇ ಕಣ್ರೀ; ಅವರ ವಿಸ್ಕಿಗೆ ಮಾತ್ರ ಯಾರೂ ಜಾತಿ ಕಟ್ಟಲಿಲ್ಲ.

2007ರ ಜುಲೈ 1ರಂದು ಸರ್ಕಾರ ಸಾರಾಯಿ ನಿಲ್ಲಿಸಿತು. ಅಂಗಡಿ ಮುಚ್ಚಿತು, ಮಿದುಳಲ್ಲಿ ಕೂತ ಅಭ್ಯಾಸ ಮುಚ್ಚಲಿಲ್ಲ. ಅದೇ ಕಾಲು ಬ್ರಾಂದಿ ಅಂಗಡಿಗೆ ತಿರುಗಿತು. ಅಲ್ಲಿಗೆ ಮಾಲು ಬರುವುದು ಸರ್ಕಾರದ್ದೇ ಪಾನೀಯ ನಿಗಮದಿಂದ.