ಮಣಿಹಾವು ಹೆಣೆದ ಸೆರೆಯಾಳುಗಳು

ಮೊದಲ ಮಹಾಯುದ್ಧದ ನೆನಪಿನ ವಸ್ತುಗಳನ್ನು ಕೂಡಿಟ್ಟ ಸಂಗ್ರಹಾಲಯಗಳಲ್ಲಿ ಪದಕ, ಟೊಪ್ಪಿಗೆ, ಖಾಲಿ ತೋಟಾಗಳ ನಡುವೆ ಒಮ್ಮೊಮ್ಮೆ ಒಂದು ಹಾವು ಕಾಣಸಿಗುತ್ತದೆ. ಸಾಸಿವೆಗಿಂತ ತುಸು ದೊಡ್ಡ ಗಾಜಿನ ಮಣಿಗಳನ್ನು ಕ್ರೋಶಾ ಕಡ್ಡಿಯಲ್ಲಿ ಹೆಣೆದು ಮಾಡಿದ ಹಾವು ಅದು. ಬೆನ್ನ ಮೇಲೆ ಅಂಕುಡೊಂಕು ಪಟ್ಟೆ, ಹೊಟ್ಟೆಯ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ ‘ಟರ್ಕಿಷ್ ಪ್ರಿಸನರ್ಸ್’ ಎಂಬ ಬರಹ, ಪಕ್ಕದಲ್ಲೊಂದು ಇಸವಿ. ಕೆಲವು ಗೇಣುದ್ದ, ಕೆಲವು ಆಳುದ್ದ. ಈ ಹಾವುಗಳ ಜೊತೆಗೆ ಕೊರಳ ಸರ, ಕೈಪಟ್ಟಿ, ಪುಟ್ಟ ಚೀಲಗಳೂ ತಯಾರಾದವು. ಇಂದು ಬಿಡುವಿನಲ್ಲಿ ಮನೆಯಲ್ಲೇ ಮಣಿ ಕ್ರೋಶಾದ ಒಡವೆ ಮಾಡುವವರು ಬಳಸುವುದು ಇದೇ ಹೆಣಿಗೆಯನ್ನು.

1914ರ ಕೊನೆಗೆ ಆಟೊಮನ್ ಸಾಮ್ರಾಜ್ಯ ಜರ್ಮನಿಯ ಪಕ್ಷ ವಹಿಸಿ ಯುದ್ಧಕ್ಕಿಳಿಯಿತು. ಮೆಸೊಪೊಟೇಮಿಯಾ, ಸಿನಾಯ್, ಪ್ಯಾಲೆಸ್ಟೀನ್ ರಣರಂಗಗಳಲ್ಲಿ ಅದರ ಲಕ್ಷಕ್ಕೂ ಹೆಚ್ಚು ಸೈನಿಕರು ಬ್ರಿಟಿಷರ ಸೆರೆಯಾದರು. ಅವರನ್ನು ಈಜಿಪ್ಟ್, ಸೈಪ್ರಸ್, ಭಾರತ, ಬರ್ಮಾಗಳ ಶಿಬಿರಗಳಲ್ಲಿ ಇರಿಸಲಾಯಿತು. ನಮ್ಮ ಬಳ್ಳಾರಿಯಲ್ಲೂ ಅಂಥದೊಂದು ಶಿಬಿರವಿತ್ತು. 1917ರಲ್ಲಿ ಭಾರತ ಮತ್ತು ಬರ್ಮಾದ ಶಿಬಿರಗಳನ್ನು ಪರಿಶೀಲಿಸಲು ಬಂದ ಅಂತರರಾಷ್ಟ್ರೀಯ ರೆಡ್ ಕ್ರಾಸ್ ಪ್ರತಿನಿಧಿಗಳು ಅಲ್ಲಿಗೂ ಹೋಗಿದ್ದರು.

ಶಿಬಿರಗಳಲ್ಲಿ ಹೊತ್ತು ಹೋಗುತ್ತಿರಲಿಲ್ಲ, ಕೈಯಲ್ಲಿ ಕಾಸೂ ಇರುತ್ತಿರಲಿಲ್ಲ. ಮಣಿ ಹೆಣಿಗೆ ಎರಡಕ್ಕೂ ದಾರಿಯಾಯಿತು. ಹೆಣೆದದ್ದನ್ನು ಕಾವಲಿನವರಿಗೆ, ಊರಿಗೆ ಮರಳುವ ಸೈನಿಕರಿಗೆ ಮಾರಿ ತಂಬಾಕನ್ನೋ ತಿನಿಸನ್ನೋ ಕೊಳ್ಳಬಹುದಿತ್ತು.

ಈ ಕಲೆಯ ಬೇರು ಅನಟೋಲಿಯಾದ ಹೆಣ್ಣುಮಕ್ಕಳ ಕೈಯಲ್ಲಿದೆ. ಅಲ್ಲಿ ತಲೆವಸ್ತ್ರದ ಅಂಚಿಗೆ ಹೆಣೆಯುವ ಅಲಂಕಾರಕ್ಕೆ ‘ಓಯಾ’ ಎನ್ನುತ್ತಾರೆ. ಸೂಜಿಯಲ್ಲಿ ಮಾಡುವ ಓಯಾ, ಕ್ರೋಶಾ ಕಡ್ಡಿಯ ಓಯಾ, ಮಣಿ ಪೋಣಿಸಿದ ಓಯಾ ಎಂದು ಅದರಲ್ಲಿ ಬಗೆಗಳು. ಹೂವು, ಹಣ್ಣು, ಕಾಯಿಗಳ ಆಕಾರಕ್ಕೆಲ್ಲ ಒಂದೊಂದು ಅರ್ಥವೂ ಉಂಟು. ಸೊಸೆ ಮೆಣಸಿನಕಾಯಿ ಓಯಾದ ವಸ್ತ್ರ ಹೊದ್ದರೆ ಗಂಡನ ಮೇಲೆ ಮುನಿದಿದ್ದಾಳೆಂದೇ ಲೆಕ್ಕ. ಬಾಯಿಬಿಟ್ಟು ಹೇಳಲಾಗದ್ದನ್ನು ಅಂಚು ಹೇಳುತ್ತಿತ್ತು. ಅಂಥ ಊರುಗಳಿಂದ ಬಂದವರಿಗೆ ನೂಲು, ಮಣಿ, ಕಡ್ಡಿಗಳು ಹೊಸವಲ್ಲ. ಹೆಂಗಸರ ಕೆಲಸವೆಂದು ಎಣಿಸಲಾಗಿದ್ದ ಕುಸುರಿಯನ್ನು ಸೆರೆವಾಸದಲ್ಲಿ ಗಂಡಸರು ಕೈಗೆತ್ತಿಕೊಂಡರು.

ಈ ಹೆಣಿಗೆಯಲ್ಲಿ ಜಾಣ್ಮೆಯೆಲ್ಲ ಇರುವುದು ಕಡ್ಡಿ ಹಿಡಿಯುವ ಮೊದಲೇ. ಯಾವ ಬಣ್ಣದ ಮಣಿಯ ಹಿಂದೆ ಯಾವ ಬಣ್ಣ ಬರಬೇಕೆಂದು ಲೆಕ್ಕ ಹಾಕಿ, ಎಲ್ಲ ಮಣಿಗಳನ್ನೂ ನೂಲಿಗೆ ಪೋಣಿಸಿಕೊಳ್ಳಬೇಕು. ಕೊನೆಗೆ ಪೋಣಿಸಿದ ಮಣಿ ಮೊದಲು ಹೆಣಿಗೆಗೆ ಬರುವುದರಿಂದ ವಿನ್ಯಾಸವನ್ನು ತಿರುಗುಮುರುಗಾಗಿ ಯೋಚಿಸಬೇಕು. ಆಮೇಲೆ ಒಂದೊಂದು ಹೊಲಿಗೆಗೆ ಒಂದೊಂದು ಮಣಿಯನ್ನು ಸರಿಸುತ್ತ ಸುತ್ತಿನ ಮೇಲೆ ಸುತ್ತು ಹೆಣೆದರೆ ಹಗ್ಗದಂಥ ಕೊಳವೆ ಬೆಳೆಯುತ್ತದೆ. ಒಂದು ಮಣಿ ಹೆಚ್ಚಾಗಿದ್ದರೆ ಇಕ್ಕಳದಿಂದ ಅದನ್ನು ಒಡೆದು ತೆಗೆಯಬಹುದು. ಕಡಿಮೆಯಾಗಿದ್ದರೆ ನೂಲನ್ನೇ ಕತ್ತರಿಸಿ, ಮಣಿ ಸೇರಿಸಿ, ಮತ್ತೆ ಗಂಟು ಹಾಕಬೇಕು.

ಹೊಟ್ಟೆಯ ಮೇಲಿನ ಬರಹ ಇನ್ನೂ ಕಷ್ಟದ್ದು. ಟರ್ಕಿ ಲ್ಯಾಟಿನ್ ಲಿಪಿಗೆ ಹೊರಳಿದ್ದು 1928ರಲ್ಲಿ. ಯುದ್ಧದ ಕಾಲಕ್ಕೆ ಅಲ್ಲಿ ನಡೆಯುತ್ತಿದ್ದುದು ಬಲದಿಂದ ಎಡಕ್ಕೆ ಬರೆಯುವ ಅರಬಿ ಲಿಪಿ. ಹೆಣೆಯುವವರಲ್ಲಿ ಅನೇಕರಿಗೆ ಇಂಗ್ಲಿಷ್ ಅಕ್ಷರಗಳು ಬರಿಯ ಚಿತ್ರಗಳು. ಹೀಗಾಗಿ ಕೆಲವು ಹಾವುಗಳಲ್ಲಿ ಅಕ್ಷರಗಳು ಮಗುಚಿಕೊಂಡಿವೆ, ಕಾಗುಣಿತ ತಪ್ಪಿದೆ. ಗೊತ್ತಿಲ್ಲದ ಲಿಪಿಯನ್ನು ಮಣಿ ಎಣಿಸಿ ಎಣಿಸಿ ಮೂಡಿಸಿದ ಆ ಶ್ರಮಕ್ಕೆ ತಲೆದೂಗಲೇಬೇಕು.

ಬರಹದಲ್ಲಿ ‘ಟರ್ಕಿಷ್’ ಎಂದಿದ್ದರೂ ಆಟೊಮನ್ ಸೈನ್ಯದಲ್ಲಿ ಅರಬರು, ಕುರ್ದರು, ಇನ್ನೂ ಹಲವು ಜನಾಂಗದವರಿದ್ದರು. ಖರೀದಿಸುವವರಿಗೆ ಬೇಕಿದ್ದದ್ದು ಯುದ್ಧದ ಗುರುತು. ಹೆಣೆದವನ ಹೆಸರಿಗೆ ಅಲ್ಲಿ ಜಾಗವಿರಲಿಲ್ಲ.

1920ರ ದಶಕದಲ್ಲಿ ಯುರೋಪ್, ಅಮೆರಿಕದ ಹೆಂಗಸರು ಸಡಿಲ ಉಡುಪಿನ ಮೇಲೆ ಸೊಂಟದವರೆಗೆ ಇಳಿಬೀಳುವ, ತುದಿಗೆ ಗೊಂಡೆಯಿದ್ದ ಮಣಿಸರಗಳನ್ನು ಧರಿಸತೊಡಗಿದರು. ಕ್ರೋಶಾದಲ್ಲಿ ಹೆಣೆದ ಮಣಿಹಗ್ಗಗಳೂ ಅವುಗಳಲ್ಲಿದ್ದವು. ಸೆರೆಯಾಳುಗಳ ಹಾವುಗಳು ಮಾತ್ರ ಬಹುಕಾಲ ಪೆಟ್ಟಿಗೆಗಳಲ್ಲೇ ಉಳಿದವು. ಅವು ಹೇಗೆ ಹೆಣೆಯಲ್ಪಟ್ಟವೆಂದು ಹಳೆಯ ಮಾದರಿಗಳನ್ನು ಕೂಲಂಕಷವಾಗಿ ನೋಡಿ ವಿವರಿಸಿದವರಲ್ಲಿ ಅಮೆರಿಕದ ಮಣಿ ಕಲಾವಿದೆ ಅಡೆಲ್ ರೆಕ್ಲೀಸ್ ಮುಖ್ಯರು. ಅವರ ಪುಸ್ತಕದಿಂದಾಗಿ ಹವ್ಯಾಸಿಗಳೂ ಈಗ ಈ ಹಾವುಗಳನ್ನು ಹೆಣೆಯಬಲ್ಲರು.

ಟರ್ಕಿಯಲ್ಲಿ ಓಯಾ ತಲೆವಸ್ತ್ರದ ಅಂಚಿನಿಂದ ಬಿಡಿಸಿಕೊಂಡು ಕೊರಳ ಸರ, ಓಲೆ, ಕೈಪಟ್ಟಿಗಳಾಗಿ ಮಾರಾಟಕ್ಕೆ ಬಂದಿದೆ. ಕರ್ನಾಟಕದ ಮನೆಗಳಲ್ಲಿ ಅದೇ ಕ್ರೋಶಾ ಕಡ್ಡಿ ಬೇರೊಂದು ಅಂಚಿನ ಮೇಲೆ, ರೇಷ್ಮೆ ಸೀರೆಯ ಸೆರಗಿನ ತುದಿಗೆ, ಮಣಿ ಸೇರಿಸಿ ಕುಚ್ಚು ಹಾಕುತ್ತದೆ. ಕುಚ್ಚಿಗೆ ಕೊಟ್ಟ ಸೀರೆ ಅಂಗಡಿಯಿಂದ ಮರಳಿ ಬಂದಾಗ ಅದನ್ನು ಹಾಕಿದವರು ಯಾರೆಂದು ಉಡುವವರಿಗೆ ತಿಳಿಯುವುದು ಅಪರೂಪ. ಕುಚ್ಚು ಹಾಕುವ ಆ ಹೆಂಗಸರನ್ನು ಹುಡುಕಿ ಮಾತನಾಡಿಸಲು, ಅವರ ಹೆಸರು, ವಿನ್ಯಾಸ, ಕೂಲಿಯ ವಿವರಗಳನ್ನು ಬರೆದಿಡಲು ಈಗಲೂ ಕಾಲವಿದೆ. ಮಣಿಹಾವು ಹೆಣೆದ ಸೆರೆಯಾಳುಗಳ ವಿಷಯದಲ್ಲಿ ಆ ಅವಕಾಶ ಕೈತಪ್ಪಿದೆ.