ಚೀಟಿ ಇಲ್ಲದ ನೂಲು: ಉಣ್ಣೆಯೋ, ಹತ್ತಿಯೋ, ಅಕ್ರಿಲಿಕ್ಕೋ?



ದೀಪಾವಳಿ ಅಮಾವಾಸ್ಯೆಗೆ ಮಂಗಳವೇಢೆ ತಾಲೂಕಿನ ಹುಲಜಂತಿಯಲ್ಲಿ ಮಹಾಲಿಂಗರಾಯನ ಜಾತ್ರೆ. ಪಲ್ಲಕ್ಕಿಗಳ ಭೇಟಿಯಲ್ಲಿ ಭಂಡಾರದ ಜೊತೆ ಉಣ್ಣೆಯನ್ನೂ ಹಾರಿಸುವ ಜಾತ್ರೆ ಇದು. ಇಂಥ ಸೀಮೆಯವರಾದ ನಾವೇ ಉಣ್ಣೆ ಗುರುತಿಸುವಲ್ಲಿ ಮೋಸ ಹೋದೆವು. ಹಿರಿಯರ ಸನ್ಮಾನಕ್ಕೆಂದು ಒಬ್ಬ ವ್ಯಾಪಾರಿಯಿಂದ ‘ಅಪ್ಪಟ ಉಣ್ಣೆ’ ಎಂದು ಕಂಬಳಿ ತಂದಿದ್ದೆವು. ಒಲೆಯ ಕಿಡಿ ಸಿಡಿದು ಒಂದು ಕಂಬಳಿ ಕರಗಿ, ಹಿರಿಯರೊಬ್ಬರ ಕೈಗೆ ಅಂಟಿ ಬೊಬ್ಬೆ ಎದ್ದಿತು. ಉಣ್ಣೆ ಹಾಗೆ ಕರಗುವುದಿಲ್ಲ. ನೋಡದೆ ಕೊಂಡ ತಪ್ಪು ನಮ್ಮದು. ಅದಕ್ಕೇ ಈ ಮಾಹಿತಿ.

ಮೊದಲು ತೊಳೆಯಿರಿ. ನಮ್ಮ ಕಡೆ ಕಂಬಳಿಯ ನೂಲಿಗೆ ಹುಣಸೆ ಬೀಜದ ಗಂಜಿ ಹಾಕುತ್ತಾರೆ. ಗಂಜಿ ಇದ್ದರೆ ವಾಸನೆ ತಪ್ಪು ಹೇಳುತ್ತದೆ. ಬಿಸಿನೀರಲ್ಲಿ ತೊಳೆದು ಒಣಗಿಸಿ.

ಸುಟ್ಟು ನೋಡುವ ಬಗೆ. ನಾಲ್ಕು ಬೆರಳುದ್ದದ ಎಳೆಯನ್ನು ಚಿಮಟದಲ್ಲಿ ಹಿಡಿದು, ಉಕ್ಕಿನ ತಾಟಿನ ಮೇಲೆ, ಬಯಲಲ್ಲಿ ಸುಡಿ. ಪಕ್ಕದಲ್ಲಿ ನೀರಿರಲಿ, ಮಕ್ಕಳು ದೂರವಿರಲಿ.

- ಹತ್ತಿ: ಬೇಗ ಹೊತ್ತುತ್ತದೆ, ಕಾಗದ ಸುಟ್ಟ ವಾಸನೆ, ಮೃದು ಬೂದಿ. ಸೋಲಾಪುರದ ಹತ್ತಿ ಚಾದರದ ಎಳೆ ಹೀಗೆ.
- ರೇಯಾನ್: ಇದೂ ಹತ್ತಿಯಂತೆಯೇ. ಒದ್ದೆ ಮಾಡಿ ಎಳೆದರೆ ರೇಯಾನ್ ಸುಲಭವಾಗಿ ಹರಿಯುತ್ತದೆ, ಹತ್ತಿ ಗಟ್ಟಿ ನಿಲ್ಲುತ್ತದೆ.
- ಉಣ್ಣೆ: ನಿಧಾನ ಉರಿದು, ಬೆಂಕಿ ತೆಗೆದರೆ ಆರುತ್ತದೆ. ಕೂದಲು ಸುಟ್ಟ ವಾಸನೆ. ಕರಿಯ ಗಂಟು ಬೆರಳಲ್ಲಿ ಪುಡಿಯಾಗುತ್ತದೆ.
- ರೇಷ್ಮೆ: ಉಣ್ಣೆಯ ಲಕ್ಷಣವೇ. ಎಳೆಯ ನುಣುಪು, ಹೊಳಪಿನಿಂದ ಬೇರೆ ಮಾಡಬೇಕು.
- ಪಾಲಿಯೆಸ್ಟರ್: ಜ್ವಾಲೆಯಿಂದ ಮುದುಡಿ ಕರಗುತ್ತದೆ, ಕರಿ ಹೊಗೆ, ಪುಡಿಯಾಗದ ಗಟ್ಟಿ ಮಣಿ.
- ಅಕ್ರಿಲಿಕ್: ಕರಗುತ್ತಲೇ ಉರಿಯುತ್ತದೆ, ಬೆಂಕಿ ತೆಗೆದರೂ ಆರದು, ಘಾಟು ವಾಸನೆ, ಒಡ್ಡೊಡ್ಡಾದ ಕರಿ ಗಟ್ಟಿ ಗಂಟು. ಹೊಗೆ ವಿಷ, ಮೂಗಿಗೆ ಹಿಡಿಯಬೇಡಿ. ಉಣ್ಣೆಯೆಂದು ಮಾರುವುದು ಹೆಚ್ಚಾಗಿ ಇದನ್ನೇ.

ಗಂಟು ಆರಿದ ಮೇಲೆಯೇ ಮುಟ್ಟಿ.

ಮಿಶ್ರ ನೂಲು. ಕೂದಲಿನ ವಾಸನೆಯೂ ಬಂತು, ಗಟ್ಟಿ ಮಣಿಯೂ ಉಳಿಯಿತು ಎಂದರೆ ಬೆರಕೆ. ಎಳೆಯ ಹುರಿ ಬಿಚ್ಚಿ ಒಂದೊಂದನ್ನೇ ಸುಡಿ. ಕಂಬಳಿಯಾದರೆ ಹಾಸು, ಹೊಕ್ಕು ಎರಡನ್ನೂ ನೋಡಿ. ಇಳಕಲ್ ಸೀರೆಯ ಒಡಲು ಹತ್ತಿಯಾದರೂ ಸೆರಗು ಬೇರೆ ನೂಲಿನದಿರುವಂತೆ, ಒಂದು ಎಳೆಯಿಂದ ಇಡೀ ಬಟ್ಟೆ ತಿಳಿಯದು.

ಇನ್ನೊಂದು ಪರೀಕ್ಷೆ. ಬಟ್ಟೆ ಬಿಳುಪು ಮಾಡುವ ಕ್ಲೋರಿನ್ ಬ್ಲೀಚಿನಲ್ಲಿ ಎಳೆಯನ್ನು ಕೆಲವು ಗಂಟೆ ನೆನೆಯಿಡಿ. ಉಣ್ಣೆ, ರೇಷ್ಮೆ ಕರಗುತ್ತವೆ. ಹತ್ತಿ, ಅಕ್ರಿಲಿಕ್, ಪಾಲಿಯೆಸ್ಟರ್ ಉಳಿಯುತ್ತವೆ. ಅದಕ್ಕೆ ಹುಳಿ ಪದಾರ್ಥವನ್ನಾಗಲಿ, ಸಂಡಾಸು ತೊಳೆಯುವ ಆಸಿಡ್ಡನ್ನಾಗಲಿ ಬೆರೆಸಬೇಡಿ, ವಿಷಾನಿಲ ಏಳುತ್ತದೆ.

ಅಕ್ರಿಲಿಕ್ ಕೊಳ್ಳುವುದು ತಪ್ಪಲ್ಲ. ಅಗ್ಗ, ತೊಳೆಯಲು ಹಗುರ. ಅದನ್ನು ಉಣ್ಣೆಯ ಬೆಲೆಗೆ ಕೊಂಡರೆ ನಮ್ಮ ದುಡ್ಡು ಹೋಗುತ್ತದೆ, ದಖ್ಖನಿ ಕುರಿಯ ಉಣ್ಣೆ ನೂತು ನೇಯುವವರ ಮಗ್ಗವೂ ನಿಲ್ಲುತ್ತದೆ. ಈ ಸಲ ಜಾತ್ರೆಗೆ ಹೋದವರು ಕೊಳ್ಳುವ ಮುಂಚೆ ಒಂದು ಎಳೆ ಕೇಳಿ ಪಡೆಯಿರಿ. ಅಪ್ಪಟ ಮಾಲು ಇದ್ದವರು ಇಲ್ಲ ಎನ್ನುವುದಿಲ್ಲ.

— ಕಾರ್ಯದರ್ಶಿ