ಕನ್ನಡದ ರೋಮಿಯೊ, ಬೀಳಗಿಯ ಗೋಹರ್

ಜಯಲಕ್ಷ್ಮೀಪುರಂನ ಗೆಳೆಯರೊಬ್ಬರ ಮನೆಯಲ್ಲಿ ಈಚೆಗೆ 'ಶೇಕ್ಸ್‌ಪಿಯರ್ ಇನ್ ಲವ್' ಚಿತ್ರವನ್ನು ಮತ್ತೊಮ್ಮೆ ನೋಡಿದೆವು. 1998ರ ಈ ಚಿತ್ರದಲ್ಲಿ, ಬರೆಯಲು ಏನೂ ತೋಚದೆ ಕುಳಿತ ನಾಟಕಕಾರ ಸಿರಿವಂತರ ಮನೆಯ ವಯೋಲಾಳನ್ನು ಪ್ರೀತಿಸುತ್ತಾನೆ. ಅವನಿಗೆ ಮದುವೆಯಾಗಿದೆ, ಅವಳಿಗೆ ಬೇರೊಬ್ಬನ ಜೊತೆ ಮದುವೆ ನಿಶ್ಚಯವಾಗಿದೆ. ಹೆಣ್ಣು ರಂಗವೇರುವಂತಿಲ್ಲವಾದ್ದರಿಂದ ಅವಳು ಗಂಡುವೇಷ ತೊಟ್ಟು ಕಂಪನಿ ಸೇರುತ್ತಾಳೆ. ಈ ಪ್ರೇಮದಿಂದಲೇ 'ರೋಮಿಯೊ ಮತ್ತು ಜೂಲಿಯೆಟ್' ಹುಟ್ಟಿತೆಂಬುದು ಚಿತ್ರದ ಕತೆ.

ಚರಿತ್ರೆ ಹೇಳುವುದೇ ಬೇರೆ. ಶೇಕ್ಸ್‌ಪಿಯರ್ ಆ ಕಥೆಯನ್ನು 1562ರಲ್ಲಿ ಅಚ್ಚಾಗಿದ್ದ ಆರ್ಥರ್ ಬ್ರೂಕ್‌ನ ಕಾವ್ಯದಿಂದ ಪಡೆದ. ಆದರೆ ಹೆಣ್ಣಿಗಿದ್ದ ನಿರ್ಬಂಧ ಮಾತ್ರ ನಿಜ. ಇಂಗ್ಲೆಂಡಿನ ಸಾರ್ವಜನಿಕ ರಂಗಭೂಮಿಯಲ್ಲಿ ನಟಿಯರು ಕಾಣಿಸಿಕೊಂಡದ್ದು 1660ರಲ್ಲಿ.

ಈ ಪ್ರೇಮಿಗಳು ಕನ್ನಡಕ್ಕೂ ಬಂದರು. ಬಸವಪ್ಪ ಶಾಸ್ತ್ರಿಗಳು 'ಒಥೆಲೊ'ವನ್ನು 'ಶೂರಸೇನ ಚರಿತ್ರೆ'ಯಾಗಿಸಿದ ಕಾಲವದು. 1889ರಲ್ಲಿ ಆನಂದರಾಯರು ರೋಮಿಯೊ ನಾಟಕವನ್ನು 'ರಾಮವರ್ಮ ಲೀಲಾವತಿ'ಯಾಗಿ ಬರೆದರು. ಅದರ ಕೊನೆಯಲ್ಲಿ ವಿಷ್ಣು ಪ್ರತ್ಯಕ್ಷನಾಗಿ ಸತ್ತ ಪ್ರೇಮಿಗಳನ್ನು ಬದುಕಿಸುತ್ತಾನೆ! ದುರಂತವೆಂಬುದು ನಮ್ಮ ಪ್ರೇಕ್ಷಕರಿಗೆ ಒಗ್ಗದ ಸಂಗತಿಯಾಗಿತ್ತು. ಪಾರ್ಸಿ ಕಂಪನಿಗಳ ಉರ್ದು ರಂಗಭೂಮಿಯಲ್ಲಿ ಅದೇ ನಾಟಕದ ಹೆಸರು 'ಬಜ್ಮ್-ಎ-ಫಾನಿ'. ಅಂದರೆ ಅಳಿದುಹೋಗುವವರ ಕೂಟ.

ರಂಗದ ಮೇಲೆ ಸತ್ತವರನ್ನೂ ಬದುಕಿಸಿದ ನಾವು ರಂಗದ ಕೆಳಗೆ ಮಾಡಿದ್ದೇನು? ಬಾಗಲಕೋಟೆ ಸೀಮೆಯ ಬೀಳಗಿಯ ಗೋಹರ್‌ಬಾಯಿ ಕರ್ನಾಟಕಿಯವರನ್ನು ನೆನೆಯೋಣ. ಇವರು ಹಿನ್ನೆಲೆ ಗಾಯಕಿ ಅಮೀರಬಾಯಿಯವರ ಸಹೋದರಿ. ಹೆಣ್ಣುಪಾತ್ರಗಳಿಂದಲೇ ಮರಾಠಿ ರಂಗಭೂಮಿಯನ್ನಾಳಿದ ಬಾಲಗಂಧರ್ವರ ಕಂಪನಿಗೆ 1930ರ ದಶಕದ ಕೊನೆಯ ವರ್ಷಗಳಲ್ಲಿ ಬಂದರು. ಅಲ್ಲಿ ವಯೋಲಾ ಗಂಡುವೇಷ ತೊಟ್ಟಳು. ಇಲ್ಲಿ ಹೆಣ್ಣಾಗಿ ಮೆರೆದ ಗಂಡು ನಿಜದ ಹೆಣ್ಣಿಗೆ ಮನಸೋತರು. ಒಬ್ಬರು ಬ್ರಾಹ್ಮಣ, ಒಬ್ಬರು ಮುಸಲ್ಮಾನೆ. ಬಾಲಗಂಧರ್ವರ ಪತ್ನಿ ಲಕ್ಷ್ಮೀಬಾಯಿ 1940ರಲ್ಲಿ ತೀರಿಕೊಂಡರೂ ಇವರ ಮದುವೆ ನಡೆದದ್ದು 1951ರಲ್ಲಿ.

ಮಹಾನಟನ ಪತನಕ್ಕೆ ಈಕೆಯೇ ಕಾರಣವೆಂದು ಅನೇಕರು ದೂರಿದರು. ಆದರೆ ಕಂಪನಿಯ ಸಾಲ ಈಕೆ ಬರುವ ಮೊದಲೇ ಬೆಳೆದಿತ್ತು. ಬಾಲಗಂಧರ್ವರು 1935ರ 'ಧರ್ಮಾತ್ಮ' ಚಿತ್ರದ ಕಡೆ ಹೊರಳಿದ್ದೂ ಅದಕ್ಕೂ ಮುಂಚೆಯೇ. ಅವರ ಇಳಿಗಾಲದಲ್ಲಿ ಜೊತೆಗಿದ್ದವರು ಇದೇ ಗೋಹರ್. 1964ರಲ್ಲಿ ಆಕೆ ತೀರಿಕೊಂಡರು, 1967ರಲ್ಲಿ ಅವರು.

ಲಂಡನ್ನಿನಲ್ಲಿ ನಡೆಯದ ಪ್ರೇಮವನ್ನು ಲೋಕವೆಲ್ಲ ಮೆಚ್ಚಿತು. ನಮ್ಮ ನೆಲದ ಹೆಣ್ಣೊಬ್ಬಳು ಬಾಳಿ ತೋರಿದ ಪ್ರೇಮಕ್ಕೆ ನಿಂದೆ ದೊರಕಿತು. ಈಕೆಯನ್ನು ಬದುಕಿಸಲು ದೇವರೇ ಇಳಿದು ಬರಬೇಕಿಲ್ಲ. ಹೆಸರನ್ನು ಗೌರವದಿಂದ ಹೇಳಿದರೆ ಸಾಕು.